ಅರುಂಧತಿಯ ಜೋಲಿ, ಚಿಕ್ಕಮಾದುವಿನ ಟೀವಿ

ಪಾರ್ಸಲು ಬಿಚ್ಚಿದ್ದು ಸೊಸೆಯಲ್ಲ, ಅತ್ತೆ. ಆತಗೂರಿನ ಚಿಕ್ಕಮಾದಮ್ಮ ಪೊಟ್ಟಣದ ಬಾಯನ್ನು ಈಳಿಗೆಮಣೆಗೆ ಕೊಟ್ಟು ಕೊಯ್ದು, ಒಳಗಿದ್ದ ಬೂದು ಬಟ್ಟೆಯ ತುದಿ ಹಿಡಿದು ಎಳೆದಳು. ಎಳೆದಷ್ಟೂ ಬಂತು. ನಡುಮನೆ ದಾಟಿ, ಹೊಸ್ತಿಲು ದಾಟಿ, ಜಗಲಿಯಲ್ಲಿ ಕೂತಿದ್ದ ಗಂಡ ಚಿಕ್ಕಮಾದುವಿನ ಕಾಲಿಗೆ ಸುತ್ತಿಕೊಂಡಿತು.

"ಅರುಂಧತಮ್ಮ, ಇದೇನವ್ವ ಸೀರೆಯಾ? ಸೆರಗೇ ಇಲ್ವಲ್ಲ."

"ಸೀರೆ ಅಲ್ಲ ಅತ್ತೆ. ಮಗು ಹೊತ್ಕೊಳ್ಳೋ ಸ್ಲಿಂಗು."

"ಏನು, ಸಿಲಿಂಗಾ?"

"ಜೋಲಿ ಅತ್ತೆ. ಮೈಗೆ ಕಟ್ಕೊಳ್ಳೋ ಜೋಲಿ."

"ಜೋಲಿಗೂ ದುಡ್ಡು ಕೊಟ್ಯಾ? ನಿನ್ನ ಗಂಡನ್ನ ನಾನು ಅಳೇ ಸೀರೇಲಿ ಬೆನ್ನಿಗೆ ಕಟ್ಕೊಂಡು ಫಾರಂ ಗದ್ದೇಲಿ ನಾಟಿ ಮಾಡಿವ್ನಿ. ಒಂದು ಮಾತು ಅಂದಿದ್ರೆ ನಾನೇ ಕೊಡ್ತಿದ್ನಲ್ಲ, ಪೆಟ್ಟಿಗೆ ತುಂಬ ಬಿದ್ದವೆ."

ಅರುಂಧತಿ ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಬಾಣಂತನದ ರಜೆಯಲ್ಲಿದ್ದಳು. ಮಗಳು ಶೋಭಿತಾಗೆ ಮೂರು ತಿಂಗಳು. ನೆಲ, ಹಾಸಿಗೆ, ತೊಟ್ಟಿಲು ಯಾವುದೂ ತನಗೆ ಸರಿಬರುವುದಿಲ್ಲ ಎಂದು ಆ ಮಗು ತೀರ್ಮಾನಿಸಿಬಿಟ್ಟಿತ್ತು. ಕೆಳಗಿಟ್ಟರೆ ಅಳು, ಎತ್ತಿಕೊಂಡರೆ ನಿದ್ದೆ. ಅರುಂಧತಿ ಎಡಗೈಯಲ್ಲಿ ಉಣ್ಣುವುದನ್ನು ಕಲಿತಿದ್ದಳು. ಮಂಡಿನೋವಿನ ಅತ್ತೆ ಮಗುವನ್ನೆತ್ತಿಕೊಂಡು ಹಿತ್ತಲಿಗೂ ಬೀದಿಗೂ ಅಡ್ಡಾಡಿ ಸೋತಿದ್ದಳು.

ಜೋಲಿ ಕಟ್ಟಿದ ಮೊದಲ ದಿನವೇ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ, ಚಿಕ್ಕಮಾದಮ್ಮ ಏನಾಯಿತೋ ಎಂದು ಅಡುಗೆಮನೆಯಿಂದ ಎದ್ದು ಬಂದು ನೋಡಿದಳು. ಸೊಸೆ ಎರಡೂ ಕೈ ಬಿಟ್ಟು ಬಟ್ಟೆ ಮಡಿಸುತ್ತಿದ್ದಳು. ಮಗು ಅವಳ ಎದೆಗೊರಗಿ ನಿದ್ದೆಹೋಗಿತ್ತು. ಅತ್ತೆ ಮತ್ತೆ ಒಳಗೆ ಹೋದಳು.

ಆ ವಾರದಲ್ಲೇ ಒಂದು ಬೆಳಿಗ್ಗೆ ಅರುಂಧತಿ ಸ್ನಾನ ಮುಗಿಸಿ ಬಂದರೆ, ಬೂದು ಜೋಲಿ ಅತ್ತೆಯ ಮೈಮೇಲಿತ್ತು. ಮಗು ಸೊಂಟದ ಪಕ್ಕ ತೂಗುತ್ತಿತ್ತು. ಅತ್ತೆ ಒಲೆಯ ಮುಂದೆ ನಿಂತು ಮುದ್ದೆ ತೊಳಸುತ್ತಿದ್ದಳು.

"ಅತ್ತೆ, ಒಲೆ ಮುಂದೆ ಬೇಡ. ಆ ಹಿಟ್ಟು ಒಂದು ಚೂರು ಸಿಡಿದ್ರೆ ಏನು ಗತಿ?"

"ರಾಜೇಂದ್ರನ್ನ ಇಂಗೇ ಕಟ್ಕೊಂಡು ಮುದ್ದೆ ಮಾಡಿವ್ನಿ ಕಣವ್ವ. ಅವನಿಗೇನಾಗದೆ?"

"ಅವರ ಮೊಣಕೈ ಹತ್ರ ಸುಟ್ಟ ಕಲೆ ಇದೆಯಲ್ಲ, ಅದು ಎಲ್ಲಿಂದ ಬಂತು?"

ಚಿಕ್ಕಮಾದಮ್ಮ ಮುದ್ದೆಕೋಲು ನಿಲ್ಲಿಸಿದಳು. "ಅದು ಬೇರೆ ವಿಚಾರ," ಎಂದಳು.

ತಿಂಡಿಗೆ ಕೂತಿದ್ದ ರಾಜೇಂದ್ರ ಅಂಗಿಯ ತೋಳನ್ನು ಕೆಳಗೆ ಎಳೆದುಕೊಂಡ. ಅವನು ಮದ್ದೂರಿನಲ್ಲಿ ಸರ್ವೇಯರು. ಯಾರ್ಯಾರದೋ ಬದುವಿನ ಜಗಳಕ್ಕೆ ನಡುವೆ ನಿಂತು ಗೆರೆ ಎಳೆಯುವವನು, ಅವ್ವನಿಗೂ ಹೆಂಡತಿಗೂ ನಡುವೆ ಮಾತು ಬೆಳೆದಾಗ ಮಾತ್ರ ತಟ್ಟೆ ನೋಡುತ್ತಿದ್ದ.

ಅತ್ತೆ ಜೋಲಿ ಬಿಚ್ಚಿ ಕೊಟ್ಟಳು. ಆದರೆ ಆ ಮಾತು ಅವಳ ಹೊಟ್ಟೆಯಲ್ಲಿ ಉಳಿಯಿತು.

ಅದನ್ನು ಹೊರಗೆ ಹಾಕುವ ಅವಕಾಶ ಕೊಟ್ಟದ್ದು ಗುಡುಗು ಟೀವಿ ಎಂಬ ಸುದ್ದಿ ಚಾನೆಲ್ಲು.

ಚಿಕ್ಕಮಾದು ವಿ.ಸಿ. ಫಾರಂನಲ್ಲಿ ಕಬ್ಬು ಭತ್ತ ನೋಡಿಕೊಂಡು ರಿಟೈರಾದವನು. ಈಗ ಅವನಿಗಿದ್ದ ಒಂದೇ ಬೆಳೆ ಟೀವಿ ಸುದ್ದಿ. ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಟೀವಿ. ಅದರ ಎದುರು ಅವನ ಕುರ್ಚಿ. ಆ ಸಂಜೆ ಟೀವಿಯಲ್ಲಿ ತಮಟೆ ಬಡಿದಂಥ ಸದ್ದು ಕೇಳಿತು. ತೆರೆಯ ತುಂಬ ಕೆಂಪು ಅಕ್ಷರ ಬಂದವು: 'ತಾಯಿಯ ಎದೆಯ ಮೇಲೇ ಯಮಪಾಶ?' ದೂರದ ಯಾವುದೋ ದೇಶದಲ್ಲಿ ಮಗು ಹೊರುವ ಒಂದು ಬಗೆಯ ಚೀಲದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದಾರಂತೆ. ಚೀಲದಲ್ಲಿ ಮಲಗಿಸಿದ ಗೊಂಬೆಯೊಂದಕ್ಕೆ ಕೆಂಪು ಸುತ್ತು ಹಾಕಿ ಹಾಕಿ ತೋರಿಸಿದರು. ಹಿಂದಿನಿಂದ ಯಾರೋ ಹೆಂಗಸು ಕಿರುಚಿಕೊಂಡಳು.

ಚಿಕ್ಕಮಾದು ಕುರ್ಚಿಯಿಂದ ಎದ್ದ.

"ಬಿಚ್ಚವ್ವ. ಈಗಿಂದೀಗಲೇ ಬಿಚ್ಚು ಅದ್ನ."

"ಮಾವ, ಅವರು ತೋರಿಸ್ತಿರೋದು ಚೀಲ. ಮಗು ಒಳಗೆ ಮುದುರಿಕೊಂಡು ಬೀಳುತ್ತೆ. ನಂದು ಬಟ್ಟೆ. ಮಗು ನೆಟ್ಟಗೆ ಇರುತ್ತೆ."

"ಕೆಂಪು ಸುತ್ತು ಹಾಕವ್ರೆ, ಕಾಣಾಕಿಲ್ವಾ?"

"ಕೊನೇಲಿ ಪ್ರಶ್ನೆ ಚಿಹ್ನೆನೂ ಹಾಕಿದ್ದಾರೆ ಮಾವ. ಅವರಿಗೇ ಗ್ಯಾರಂಟಿ ಇಲ್ಲ."

ಉಪ್ಸಾರು ಮುದ್ದೆಯ ಮುಂದೆ ಮಾತು ಮುಂದುವರಿಯಿತು.

"ನನ್ನ ಒಲೆ ತಪ್ಪು ಅಂದ್ಯಲ್ಲ," ಎಂದಳು ಅತ್ತೆ. "ಈಗ ನಿನ್ನ ಸಿಲಿಂಗೇ ತಪ್ಪು ಅಂತ ಟೀವೀಲಿ ಬಂತು."

"ಅತ್ತೆ, ನಿಮ್ಮ ಸೀರೆನೂ ಸ್ಲಿಂಗೇ."

"ನನ್ನ ಸೀರೆ ವಿಚಾರ ಟೀವೀಲಿ ಬಂದಿಲ್ಲ."

ರಾಜೇಂದ್ರ ಗಂಟಲು ಸರಿಮಾಡಿಕೊಂಡ. "ನೋಡಪ್ಪ, ಇಬ್ರು ಹೇಳೋದ್ರಲ್ಲೂ..."

"ನೀನು ಉಣ್ಲಾ," ಎಂದ ಚಿಕ್ಕಮಾದು. ಅವನು ಉಂಡ.

ಬೆಳಿಗ್ಗೆ ಜೋಲಿ ಗೂಟದ ಮೇಲಿರಲಿಲ್ಲ. ಹುಡುಕುವ ಕಷ್ಟವೇನೂ ಇರಲಿಲ್ಲ. ಎಂದೂ ಅಡುಗೆಮನೆಯ ಕಡೆ ತಲೆಹಾಕದ ಚಿಕ್ಕಮಾದು ರಾಗಿ ಡ್ರಮ್ಮಿನ ಮೇಲೆ ಪೇಪರು ಹಿಡಿದು ಕೂತಿದ್ದ. ಹಿಟ್ಟಿಗೆ ಕಳಿಸಲು ರಾಗಿ ಬೇಕೆಂದು ಹೆಂಡತಿ ಕೇಳಿದರೂ ಏಳಲಿಲ್ಲ.

ಅರುಂಧತಿ ಜಗಳ ಆಡಲಿಲ್ಲ. ಮಗುವನ್ನು ತಂದು ಅವನ ಪೇಪರಿನ ಮೇಲೆ ಚಾಚಿದಳು. "ಆಯ್ತು ಮಾವ, ಜೋಲಿ ಬೇಡ. ತಗೊಳ್ಳಿ."

"ನಾನಾ?"

"ಯಾರಾದ್ರೂ ಹೊರಬೇಕಲ್ಲ."

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಅರುಂಧತಿ, ತಿಂಡಿಯ ಮೇಲೆ ಚಿಕ್ಕಮಾದು, ಹೊತ್ತು ಏರಿದ ಮೇಲೆ ಅತ್ತೆ, ಸಂಜೆ ಆಫೀಸಿನಿಂದ ಬಂದು ಶೂ ಬಿಚ್ಚುವ ಮೊದಲೇ ರಾಜೇಂದ್ರ. ಸಾರು ಹೊತ್ತಿತು. ಒಗೆಯುವ ಬಟ್ಟೆ ಗುಡ್ಡೆ ಬಿತ್ತು. ಹಾಲು ಕರೆಯುವುದು ತಡವಾಗಿ ಹಸು ಕೂಗಿಕೊಂಡಿತು. ಅಷ್ಟಕ್ಕೆ ಗುಡುಗು ಟೀವಿ ಸುಮ್ಮನಾಗಲಿಲ್ಲ. ಒಂದು ದಿನ ಮಗುವಿನ ಪೌಡರು, ಇನ್ನೊಂದು ದಿನ ದಿಂಬು, ಮತ್ತೊಂದು ದಿನ ಕಣ್ಣಿಗೆ ಹಚ್ಚುವ ಕಾಡಿಗೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಬೇಡದವೇ ಎಂದು ಅರುಂಧತಿಗೂ ಗೊತ್ತಿತ್ತು. ಆದರೆ ಮಾವನ ಬಾಯಲ್ಲಿ ಎಲ್ಲಕ್ಕೂ ಒಂದೇ ತೂಕ. ತೊಟ್ಟಿಲಿನ ಹಗ್ಗವನ್ನೂ ಅವನು ಅನುಮಾನದಿಂದ ನೋಡತೊಡಗಿದ.

ಈ ನಡುವೆ ಪಕ್ಕದ ಮನೆಯ ಮುದ್ದಮ್ಮ ಡೈರಿಯ ಹತ್ತಿರ ಚಿಕ್ಕಮಾದುವನ್ನು ಕೇಳಿದಳು: "ಏನ್ ಮಾದಣ್ಣ, ಮನೇಲಿ ಗಲಾಟೆ ಕೇಳುಸ್ತಿತ್ತು?"

"ಅದೇ ಕಣಮ್ಮ, ಸಿಲಿಂಗು. ಮಗೀನ ಮೇಲೆ ಬಿದ್ರೆ ಉಸುರೇ ಓಯ್ತದಂತೆ. ತಗ್ಸಿಬುಟ್ಟೆ."

ಎರಡು ದಿನದಲ್ಲಿ ಮಳವಳ್ಳಿ ಕಡೆಯಿಂದ ಚಿಕ್ಕಮಾದಮ್ಮನ ಅಣ್ಣ ದೊಡ್ಡಸಿದ್ದಯ್ಯ ಬಾಳೆಹಣ್ಣಿನ ಚಿಪ್ಪು ಹಿಡಿದು, ಮುಖ ಇಳಿಬಿಟ್ಟುಕೊಂಡು ಬಂದ. ಬಾಗಿಲಲ್ಲೇ ನಿಂತು ತಲೆಯೆತ್ತಿ ಸೂರು ನೋಡಿದ. ನಡುಮನೆಗೆ ಬಂದು ಮತ್ತೆ ಸೂರು ನೋಡಿದ.

"ಎಲ್ಲವ್ವ ಬಿದ್ದಿದ್ದು?"

"ಏನಣ್ಣ ಬಿದ್ದಿದ್ದು?"

"ಸಿಲಿಂಗು. ಮಗೀನ ಮೇಲೆ ಬಿತ್ತಂತಲ್ಲ. ಮನೆ ಕಟ್ಟುವಾಗ್ಲೇ ಯೋಳ್ದೆ, ಆ ಮೇಸ್ತ್ರಿ ಸರಿಯಿಲ್ಲ ಅಂತ."

ಶೋಭಿತಾ ಅಜ್ಜಿಯ ತೋಳಲ್ಲಿ ಕೂತು ಅವನ ಮೀಸೆಯನ್ನೇ ನೋಡುತ್ತಿದ್ದಳು. ದೊಡ್ಡಸಿದ್ದಯ್ಯನಿಗೆ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಇನ್ನೊಂದು ಆಟೋ ಬಂದು ನಿಂತಿತು. ಇಳಿದವರೂ ಮೊದಲು ಮೇಲೆ ನೋಡಿದರು. ಆ ದಿನ ಅರುಂಧತಿ ಬಂದವರಿಗೆಲ್ಲ ಟೀ ಕಾಯಿಸಿದಳು. ಬಾಳೆಹಣ್ಣು ವಾರ ಪೂರ್ತಿ ತಿಂದರೂ ಮುಗಿಯಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು.

ಅತ್ತೆ ಹಸುವಿಗೆ ಹುಲ್ಲು ತರಲು ಹೋಗಿದ್ದಳು. ಅರುಂಧತಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗು ಮಾವನ ಹತ್ತಿರ ಇತ್ತು. ಒಳಗಿನಿಂದ ಟೀವಿಯ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಮಗುವಿನ ಸದ್ದಾಗಲಿ, ಮಾವ ಮಗುವಿಗೆ ಸುದ್ದಿ ವಿವರಿಸುವ ಸದ್ದಾಗಲಿ ಇಲ್ಲ. ಅವಳು ಸೋಪಿನ ಕೈಯಲ್ಲೇ ಒಳಗೆ ಬಂದಳು.

ಚಿಕ್ಕಮಾದು ಕುರ್ಚಿಯಲ್ಲಿ ಒರಗಿ ನಿದ್ದೆಹೋಗಿದ್ದ. ಮಗು ಅವನ ತೋಳಿನ ಸಂದಿಗೆ ಜಾರಿ, ಮುದುರಿ ಉಂಡೆಯಾಗಿತ್ತು. ಗದ್ದ ಎದೆಗೆ ಒತ್ತಿಕೊಂಡಿತ್ತು. ಮೂಗು ಅವನ ಹೆಗಲ ಟವೆಲಿನ ಮಡಿಕೆಯಲ್ಲಿ ಸಿಕ್ಕಿಕೊಂಡಿತ್ತು. ಅಳು ಇರಲಿಲ್ಲ, ಕೊಸರಾಟ ಇರಲಿಲ್ಲ. ಸಣ್ಣಗೆ ಮುಲುಕುವ ಸದ್ದೊಂದು ನಿಂತು ನಿಂತು ಬರುತ್ತಿತ್ತು.

ಅರುಂಧತಿ ಮಗುವನ್ನು ಸೆಳೆದೆತ್ತಿ ಹೆಗಲಿಗೆ ಹಾಕಿಕೊಂಡಳು. ಅದರ ಮುಖ ಕಪ್ಪಿಟ್ಟಿತ್ತು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮಗು ಉದ್ದಕ್ಕೆ ಉಸಿರೆಳೆದುಕೊಂಡು ಮನೆ ಕಿತ್ತುಹೋಗುವ ಹಾಗೆ ಅತ್ತಿತು. ಅರುಂಧತಿ ಅಲ್ಲೇ ನೆಲದ ಮೇಲೆ ಕೂತಳು.

ಚಿಕ್ಕಮಾದು ಬೆಚ್ಚಿ ಎದ್ದ. "ನಾನು ಕಣ್ಣು ಮುಚ್ಚಿಲ್ಲ ಕಣವ್ವ."

ಟೀವಿಯಲ್ಲಿ ಅದೇ ಗೊಂಬೆ, ಅದೇ ಕೆಂಪು ಸುತ್ತು. ಗೊಂಬೆಯ ಗದ್ದ ಎದೆಗೆ ಒತ್ತಿಕೊಂಡಿತ್ತು. ಅವನು ಅದನ್ನು ನೋಡಿದ, ಮಗುವನ್ನು ನೋಡಿದ.

"ಮುಚ್ದೆ," ಎಂದ. "ಯಾವಾಗ ಮುಚ್ಕೊಂಡ್ವೋ ಗೊತ್ತಾಗ್ಲಿಲ್ಲ."

ಅವತ್ತೇ ರಾಜೇಂದ್ರನಿಗೆ ಫೋನು ಹೋಯಿತು. ಸಂಜೆಯೊಳಗೆ ನಾಲ್ಕೂ ಜನ ಮಗುವಿನೊಂದಿಗೆ ಮದ್ದೂರಿನ ಮಕ್ಕಳ ಡಾಕ್ಟರು ರೂಪ ಅವರ ಮುಂದಿದ್ದರು. ಅರುಂಧತಿಯ ಬ್ಯಾಗಿನಲ್ಲಿ ಜೋಲಿ ಇತ್ತು, ಅದರ ಮಡಿಕೆಗಳಲ್ಲಿ ರಾಗಿ ಕಾಳು.

ಡಾಕ್ಟರು ಮಗುವಿನ ಎದೆ ಕೇಳಿದರು, ಕಣ್ಣು ನೋಡಿದರು, ಬಾಯಿ ನೋಡಿದರು. "ಏನೂ ಆಗಿಲ್ಲ. ಟೈಮಿಗೆ ಎತ್ಕೊಂಡಿದ್ದೀರಿ. ಕುರ್ಚೀಲಿ ಕೂತು ನಿದ್ದೆ ಮಾಡೋರು ಯಾರು?"

ಚಿಕ್ಕಮಾದು ಶಾಲೆ ಹುಡುಗನ ಹಾಗೆ ಅರ್ಧ ಕೈ ಎತ್ತಿದ. "ಆದ್ರೆ ಡಾಕ್ಟ್ರಮ್ಮ, ಸಿಲಿಂಗು ಅಪಾಯ ಅಂತ ಟೀವೀಲಿ..."

"ಜೋಲಿ ಆದ್ರೇನು, ತೋಳಾದ್ರೇನು, ಕುರ್ಚಿ ಆದ್ರೇನು ಯಜಮಾನ್ರೇ? ಇಷ್ಟು ಎಳೆ ಮಗೂಗೆ ಕತ್ತು ನಿಲ್ಲಲ್ಲ. ಗದ್ದ ಎದೆಗೆ ಒತ್ತಿದ್ರೆ ಉಸಿರು ಹೋಗೋ ದಾರಿ ಮುಚ್ಕೊಳ್ಳುತ್ತೆ, ಗದ್ದೆಗೆ ನೀರು ಬಿಡೋ ಪೈಪು ಮಡಿಚ್ಕೊಂಡಂಗೆ. ಅಳೋಕೂ ಆಗಲ್ಲ ಅದಕ್ಕೆ. ನಾಲ್ಕು ತಿಂಗಳ ಒಳಗೆ ಇನ್ನೂ ಜಾಸ್ತಿ ನೋಡ್ಕೋಬೇಕು. ತಿಂಗಳು ತುಂಬದೆ ಹುಟ್ಟಿದ್ರೆ, ತೂಕ ಕಮ್ಮಿ ಇದ್ರೆ, ನೆಗಡಿ ಇದ್ರೆ, ನನ್ನ ಕೇಳ್ದೆ ಕಟ್ಲೇಬೇಡಿ. ನಿಮ್ಮ ಮಗೂಗೆ ಅವೇನೂ ಇಲ್ಲ. ಎಲ್ಲಮ್ಮ, ಕಟ್ಟಿ ತೋರಿಸಿ."

ಅರುಂಧತಿ ಎದ್ದು ನಿಂತು ಚಕಚಕನೆ ಕಟ್ಟಿದಳು. ಮಗುವನ್ನು ಇಳಿಸಿದಳು. ಅಭ್ಯಾಸಬಲದಿಂದ ಬಟ್ಟೆಯ ಅಂಚನ್ನು ಅದರ ಮುಖದ ಮೇಲಕ್ಕೆ ಎಳೆದಳು.

"ಮಗು ಎಲ್ಲಿ?" ಎಂದರು ಡಾಕ್ಟರು.

"ಇಲ್ಲೇ ಇದೆಯಲ್ಲ ಡಾಕ್ಟ್ರೇ."

"ನಂಗೆ ಕಾಣ್ತಿಲ್ಲ. ನಿಮಗೆ ಕಾಣುತ್ತಾ?"

ಅರುಂಧತಿ ತಲೆ ಬಗ್ಗಿಸಿ ನೋಡಿದಳು. ಕಾಣುತ್ತಿರಲಿಲ್ಲ. ಯಾವ ಬಣ್ಣ ಬೇಗ ಕೊಳೆಯಾಗುವುದಿಲ್ಲ ಎಂದು ಎಷ್ಟೋ ಹೊತ್ತು ಫೋನಿನಲ್ಲಿ ಓದಿದ್ದವಳು ಅವಳು. ಹೇಗೆ ಕಟ್ಟಬೇಕೆಂದು ಓದಿರಲಿಲ್ಲ.

"ಗಂಡನ ಗಾಡಿ ಇಂದೆ ಕೂತಾಗ್ಲೂ ಇಂಗೇ ಕಟ್ಕೊಂಡು ಓಯ್ತಾಳೆ," ಎಂದ ಚಿಕ್ಕಮಾದು. "ಮಗೀನ ಮುಖಕ್ಕೆ ದುಪಟ್ಟಾ ಬೇರೆ. ಧೂಳಂತೆ."

"ಅತ್ತೆ ಒಲೆ ಮುಂದೆ ಕಟ್ಕೊಂಡಿದ್ರು," ಎಂದು ಅರುಂಧತಿಯ ಬಾಯಿಂದ ಬಂದುಬಿಟ್ಟಿತು.

"ಒಂದೇ ದಿನ ಕಣವ್ವ. ಇವನಾದ್ರೆ ದಿನಾ ನಿದ್ದೆ ಒಡೀತಾನೆ," ಎಂದಳು ಚಿಕ್ಕಮಾದಮ್ಮ ಗಂಡನ ಕಡೆ ಕೈತೋರಿಸಿ.

ಡಾಕ್ಟರು ಮೂವರನ್ನೂ ಬೈದರು. ಗಾಡಿಯಲ್ಲಿ ಜೋಲಿ ಕಟ್ಟಬಾರದು, ಒಲೆ ಮುಂದೆ ಕಟ್ಟಬಾರದು, ಕಟ್ಟಿಕೊಂಡಾಗ ಬಿಸಿ ಟೀ ಹಿಡಿಯಬಾರದು, ನಿದ್ದೆ ಬಂದರೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡಬೇಕು. ಇಲ್ಲದಿದ್ದರೆ ಚಪ್ಪಟೆ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ಅತ್ತರೆ ಅಳಲಿ. ಆಮೇಲೆ ತಾವೇ ಎದ್ದು ಬಟ್ಟೆಯನ್ನು ಬಿಗಿ ಮಾಡಿ, ಮಗುವನ್ನು ಮೇಲಕ್ಕೆತ್ತಿ ನಿಲ್ಲಿಸಿದರು. "ಬಗ್ಗಿದ್ರೆ ನೆತ್ತಿಗೆ ಮುತ್ತು ಕೊಡೋ ಹಾಗಿರ್ಬೇಕು. ಮುಖ ಸದಾ ಕಾಣ್ಬೇಕು. ಗದ್ದದ ಕೆಳಗೆ ಎರಡು ಬೆರಳು ತೂರಬೇಕು. ಅಷ್ಟೇ."

ಕೊನೆಗೆ ಬಾಗಿಲ ಹತ್ತಿರ ನಿಂತಿದ್ದ ರಾಜೇಂದ್ರನ ಕಡೆ ತಿರುಗಿದರು. "ನೀವೇನು ಮಾಡಿದ್ರಿ?"

"ನಾನೇನೂ ಮಾಡಿಲ್ಲ ಡಾಕ್ಟ್ರೇ."

"ಅದೇ ನಿಮ್ಮ ತಪ್ಪು," ಎಂದರು ಡಾಕ್ಟರು.

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ, ಮದ್ದೂರು ದಾಟಿದ ಮೇಲೆ ಚಿಕ್ಕಮಾದಮ್ಮ ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. "ಏನೂ ಮಾಡಿಲ್ವಂತೆ," ಎಂದಳು. ಅರುಂಧತಿಗೂ ನಗು ಬಂತು. ಚಿಕ್ಕಮಾದು ಮಾತ್ರ ಕಿಟಕಿಯ ಹೊರಗೇ ನೋಡುತ್ತಿದ್ದ.

ಅಂದಿನಿಂದ ಜೋಲಿ ಮತ್ತೆ ಗೂಟಕ್ಕೆ ಬಂತು. ರಾಜೇಂದ್ರ ಹೊಸ ಹುರುಪಿನಲ್ಲಿ ಕಲಿತು, ಸರ್ವೆ ಮಾಡುವವನಂತೆ ಗಂಟಿಗೂ ಗಂಟಿಗೂ ನಡುವೆ ಅಳತೆ ನೋಡಿ ಕಟ್ಟುತ್ತಿದ್ದ. ಅವನು ಕಟ್ಟಿ ಮುಗಿಸುವಷ್ಟರಲ್ಲಿ ಮಗುವಿಗೆ ಹಸಿವಾಗುತ್ತಿತ್ತು. ಚಿಕ್ಕಮಾದು ಮೊದಲು ರಾಗಿ ಮೂಟೆಯೊಂದನ್ನು ಎದೆಗೆ ಕಟ್ಟಿಕೊಂಡು ಹಿತ್ತಲಲ್ಲಿ ಅಭ್ಯಾಸ ಮಾಡಿದ. ಆದರೆ ಮಗುವನ್ನು ಮಾತ್ರ ಅರುಂಧತಿ ಅವನ ಕೈಗೆ ಕೊಟ್ಟು ಹೊರಗೆ ಹೋಗುತ್ತಿರಲಿಲ್ಲ. ಅವಳ ರಜೆ ಮುಗಿಯುವ ದಿನ ಮಾತ್ರ ಹತ್ತಿರ ಬರುತ್ತಿತ್ತು. ಮಂಡಿನೋವಿನ ಅತ್ತೆಯೊಬ್ಬಳ ಕೈಯಲ್ಲಿ ಇಡೀ ದಿನ ಆಗುವ ಮಾತಲ್ಲ. ಸಂಬಳವಿಲ್ಲದ ರಜೆ ಹಾಕಲೇ ಎಂದು ಅವಳು ರಾಜೇಂದ್ರನನ್ನು ಕೇಳಿದ್ದಳು.

ಸುದ್ದಿಗೆ ಬರ ಬಂದ ಒಂದು ವಾರ, ಗುಡುಗು ಟೀವಿಯವರಿಗೆ ಜೋಲಿ ಮತ್ತೆ ನೆನಪಾಯಿತು. ಆತಗೂರಿನಲ್ಲಿ ಒಂದು ಮಗುವಿಗೆ ಹೀಗಾಯಿತಂತೆ ಎಂದು ಯಾರಿಂದಲೋ ಕೇಳಿ, ಮೈಕು ಹಿಡಿದ ವರದಿಗಾರನೊಬ್ಬ ಕಾರಿನಲ್ಲಿ ಬಂದಿಳಿದ. ಚಿಕ್ಕಮಾದು ಇಸ್ತ್ರಿ ಅಂಗಿ ತೊಟ್ಟು ಜಗಲಿಗೆ ಬಂದ. ಹೇಳಬೇಕಾದ್ದೆಲ್ಲ ಹೇಳಿದ. ಪೈಪಿನ ಉದಾಹರಣೆ ಕೊಟ್ಟ, ಎರಡು ಬೆರಳು ತೋರಿಸಿದ, ತನ್ನ ಕುರ್ಚಿಯ ನಿದ್ದೆಯನ್ನೂ ಮುಚ್ಚಿಡಲಿಲ್ಲ. "ಗದ್ದ ಎದೆಗೆ ಒತ್ತುದ್ರೆ ಉಸುರು ಕಟ್ಟುತ್ತೆ. ಅದಕ್ಕೇ ಮುಖ ಕಾಣಂಗೆ ಬಿಗಿಯಾಗಿ ಕಟ್ಬೇಕು. ಕಟ್ಟಾಕೆ ಕಲ್ತವ್ರು ಕಟ್ಲಿ, ಕಲೀದೋರು ಕೇಳಿ ಕಲೀಲಿ," ಎಂದ.

ಸಂಜೆ ಮನೆಮಂದಿಯೆಲ್ಲ ಟೀವಿ ಮುಂದೆ ಕೂತರು. ಮುದ್ದಮ್ಮನೂ ಬಂದಳು. ತಮಟೆ ಬಡಿಯಿತು. ಕೆಂಪು ಅಕ್ಷರ ಬಂತು: 'ಆತಗೂರು ಅಜ್ಜನ ಅಳಲು!' ಚಿಕ್ಕಮಾದುವಿನ ಮುಖ ಬಂತು.

"ಉಸುರು ಕಟ್ಟುತ್ತೆ," ಎಂದಿತು ಆ ಮುಖ. ಅಷ್ಟೇ. ಮತ್ತೆ ಗೊಂಬೆ ಬಂತು. ಮತ್ತೆ ಅವನ ಮುಖ ಬಂದು, "ಉಸುರು ಕಟ್ಟುತ್ತೆ," ಎಂದಿತು.

"ನಾನು ಅಷ್ಟೇನಾ ಅಂದಿದ್ದು?" ಎಂದು ಅವನು ಎಲ್ಲರನ್ನೂ ಕೇಳಿದ.

"ಮದುವೆ ಆದಾಗಿಂದ ನೀನು ಅಷ್ಟೇ ಮಾತಾಡಿದ್ರೆ ನಾನು ಸುಖವಾಗಿರ್ತಿದ್ದೆ," ಎಂದಳು ಚಿಕ್ಕಮಾದಮ್ಮ.

ಯಾರ್ಯಾರೋ ಫೋನು ಮಾಡಿದರು. ಅವನು ಎತ್ತಲಿಲ್ಲ. ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟ. ಅರುಂಧತಿ ತಟ್ಟೆ ಎತ್ತಲು ಬಂದಾಗ, ತಲೆ ಎತ್ತದೆ ಕೇಳಿದ: "ಸೋಮವಾರ ಇಸ್ಕೂಲಿಗೆ ಓಯ್ತೀಯಾ, ರಜಾ ಆಕ್ತೀಯಾ?"

"ಗೊತ್ತಿಲ್ಲ ಮಾವ."

"ನನ್ನ ಕೈಗೆ ಕೊಟ್ಟು ಓಗಾಕೆ ಭಯ. ತಪ್ಪಿಲ್ಲ ಬುಡು. ನಂಗೂ ಭಯ ಅದೆ."

ಅರುಂಧತಿ ತಟ್ಟೆ ಕೆಳಗಿಟ್ಟಳು. ಒಳಗೆ ಹೋಗಿ ಜೋಲಿ ತಂದಳು. "ಕಟ್ಟಿ ನೋಡೋಣ," ಎಂದಳು.

ಅವನು ಕಟ್ಟಿದ. ಅವಳು ಮಗುವನ್ನು ಇಳಿಸಿದಳು. ಅವನು ಬಗ್ಗಿ ನೆತ್ತಿಗೆ ಮುತ್ತು ಕೊಟ್ಟ, ಬೆರಳು ತೂರಿಸಿದ, ಗಂಟು ಬಿಚ್ಚಿ ಇನ್ನೊಮ್ಮೆ ಬಿಗಿ ಮಾಡಿದ. ಅವಳು ಸುತ್ತಲೂ ಒಂದು ಸಲ ನಡೆದು ನೋಡಿದಳು. ತಪ್ಪು ಹುಡುಕಿದಳು, ಸಿಗಲಿಲ್ಲ.

"ಕುರ್ಚೀಲಿ ಕೂರಬಾರ್ದು ಮಾವ."

"ಕೂರಾಕಿಲ್ಲ."

"ತೂಕಡಿಕೆ ಬಂದ್ರೆ?"

"ನಿಮ್ಮತ್ತೆ ಕೈಗೆ. ಅವಳಿಗೂ ಬಂದ್ರೆ ಚಾಪೆ ಮೇಲೆ, ಅಂಗಾತ."

ಸೋಮವಾರ ಅವಳು ಬಸ್ಸು ಹತ್ತಿದಳು. ಶೋಭಿತಾಗೆ ಆಗ ಕತ್ತು ಚೆನ್ನಾಗಿ ನಿಲ್ಲುತ್ತಿತ್ತು. ಬಸ್ಸು ಮರೆಯಾದ ಮೇಲೆ ಚಿಕ್ಕಮಾದು ಮಗುವನ್ನು ಎದೆಗೆ ಕಟ್ಟಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು, ನಿಂಗಯ್ಯನ ಟೀ ಅಂಗಡಿಗೆ ನಡೆದ. ಅಲ್ಲಿ ಗೋಡೆಯ ಟೀವಿಯಲ್ಲಿ ಅವನದೇ ಮುಖ ಇತ್ತು. "ಉಸುರು ಕಟ್ಟುತ್ತೆ," ಎಂದಿತು. ಬೆಂಚಿನ ಮೇಲಿದ್ದವರು ಟೀವಿ ನೋಡಿದರು, ಬಾಗಿಲಲ್ಲಿ ನಿಂತ ಅವನನ್ನು ನೋಡಿದರು, ಅವನ ಎದೆಯ ಮೇಲೆ ಕಣ್ಣರಳಿಸಿಕೊಂಡಿದ್ದ ಮಗುವನ್ನು ನೋಡಿದರು.

"ಇದೇನ್ ಮಾದಣ್ಣ," ಎಂದ ನಿಂಗಯ್ಯ, "ಅಲ್ಲಿ ಬ್ಯಾಡ ಅಂತೀಯ, ಇಲ್ಲಿ ನೀನೇ ಕಟ್ಕೊಂಡಿದ್ದೀಯ?"

"ಅಲ್ಲಿರೋನು ಅರ್ಧ ಯೋಳವ್ನೆ. ಮಿಕ್ಕಿದ್ದು ನಾನು ಯೋಳ್ತೀನಿ. ಅದ್ನ ಆರ್ಸು."

ನಿಂಗಯ್ಯ ಟೀವಿ ಆರಿಸಿದ. ಚಿಕ್ಕಮಾದು ಪೈಪಿನಿಂದ ಶುರುಮಾಡಿದ. ಟೀ ಕೊಡಲು ಬಂದರೆ ಬಿಸಿಯದು ದೂರ ಇಡು ಎಂದ. ಅವನು ಹೇಳಿ ಮುಗಿಸುವ ಹೊತ್ತಿಗೆ ಟೀ ಆರಿ ಕೆನೆಗಟ್ಟಿತ್ತು, ಬೆಂಚಿನ ಮೇಲಿದ್ದ ಶಿವಯ್ಯ ಅದನ್ನು ಕುಡಿದೂ ಮುಗಿಸಿದ್ದ.

ಮಳವಳ್ಳಿಯಲ್ಲಿ ಮೊದಲ ಪಿರಿಯಡ್ಡು ಮುಗಿಸಿ ಸ್ಟಾಫ್ ರೂಮಿಗೆ ಬಂದ ಅರುಂಧತಿ, ಬ್ಯಾಗಿನಿಂದ ಫೋನು ತೆಗೆದಳು. ಮಾವನಿಂದ ಒಂದು ವಿಡಿಯೋ ಬಂದಿತ್ತು. ತೆರೆಯ ತುಂಬ ಮಗಳ ಮುಖ, ಮೂಗಿನ ಹೊಳ್ಳೆ ಸಮೇತ. ಗದ್ದದ ಕೆಳಗೆ ಎರಡು ಒರಟು ಬೆರಳು ಬಂದು ಹೋದವು. ಮಾವ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

"ಮುಖ ಕಾಣ್ತಾ ಅದೆ. ಗದ್ದ ಎತ್ತವ್ಳೆ. ಉಸುರು ಆಡ್ತಾ ಅದೆ, ಕೇಳುಸ್ಕೊ." ಆಮೇಲೆ ಅವನು ಸುಮ್ಮನಾದ. ಮಗುವಿನ ಉಸಿರು ಕೇಳಿಸಿತು. "ಆಯ್ತಾ? ಇನ್ನು ನೀನು ಪಾಠ ಮಾಡೋಗು."

ಅವಳು ಅದನ್ನು ಇನ್ನೊಮ್ಮೆ ಹಾಕಿ ನೋಡಿದಳು. ಎರಡನೇ ಪಿರಿಯಡ್ಡಿನ ಗಂಟೆ ಹೊಡೆಯುವಷ್ಟರಲ್ಲಿ ಇನ್ನೊಂದು ಬಂತು.